ಶೆಡ್ಡಿಗಿಂತ ಮೊದಲು ತೂಕದ ಕಾಟಾ: ಯಾದಗಿರಿ ಸೀಮೆಯ ಸಣ್ಣ ಕುರಿಗಾರರು ಗುಂಪಾಗಿ ವ್ಯಾಪಾರ ಮಾಡುವ ಬಗೆ

ಸಂತೆಯಲ್ಲಿ ಕುರಿ ಮಾರಿದವರಿಗೆ ಟವೆಲ್ ಕೆಳಗಿನ ವ್ಯವಹಾರ ಗೊತ್ತೇ ಇರುತ್ತದೆ. ದಲ್ಲಾಳಿ ಬರುತ್ತಾನೆ. ಮರಿಯ ಬೆನ್ನು ಒತ್ತುತ್ತಾನೆ, ತೊಡೆ ಹಿಡಿಯುತ್ತಾನೆ, ತುಟಿ ಎತ್ತಿ ಹಲ್ಲು ನೋಡುತ್ತಾನೆ. ಆಮೇಲೆ ನಮ್ಮ ಕೈ ಮೇಲೆ ಟವೆಲ್ ಹಾಕಿ ಒಳಗೆ ಬೆರಳು ಹಿಡಿಯುತ್ತಾನೆ. ಎಷ್ಟು ಬೆರಳು ಹಿಡಿದನೋ ಅಷ್ಟು ರೇಟು. ಪಕ್ಕದಲ್ಲಿ ನಿಂತವನಿಗೆ ಗೊತ್ತಾಗಲ್ಲ. ನಮ್ಮಪ್ಪ ಜೀವಮಾನವೆಲ್ಲ ಹೀಗೇ ಮಾರಿದ. ನಾನೂ ಎಂಟು ವರ್ಷ ಹೀಗೇ ಮಾರಿದೆ.

ಒಂದು ಸಲ ಸಂತೆಗೆ ಹೋಗುವ ಹಿಂದಿನ ರಾತ್ರಿ, ಪಕ್ಕದ ಮನೆಯವರ ಹತ್ತಿ ತೂಗುವ ಕಾಟಾ ತಂದು ಬೇವಿನ ಕೊಂಬೆಗೆ ಕಟ್ಟಿದೆವು. ಗೋಣಿಚೀಲಕ್ಕೆ ನಾಲ್ಕು ತೂತು ಮಾಡಿ, ಮರಿಯ ಕಾಲು ಅದರಲ್ಲಿ ತೂರಿಸಿ, ಕೊಕ್ಕೆಗೆ ನೇತು ಹಾಕಿದೆವು. ನಾನು 18 ಕೆಜಿ ಅಂದುಕೊಂಡಿದ್ದ ಮರಿ 22 ತೂಗಿತು. ಮರುದಿನ ಸಂತೆಯಲ್ಲಿ ದಲ್ಲಾಳಿ ಅದೇ ಮರಿಯನ್ನು ಎತ್ತಿ ನೋಡಿ, "ಹದಿನೇಳು, ಬಾಳಂದ್ರ ಹದಿನೆಂಟು" ಅಂದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾನೇ 18 ಅಂದುಕೊಂಡಿದ್ದೆನಲ್ಲ!

ಯಾದಗಿರಿ, ಕಲಬುರಗಿ, ಬೀದರ್ ಕಡೆ 10ರಿಂದ 40 ಕುರಿ ಇಟ್ಟುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. 500 ಕುರಿಯ ಫಾರ್ಮ್ ಕಟ್ಟುವವರಿಗೆ ಬೇರೆ ಕಡೆ ಬೇಕಾದಷ್ಟು ವಿಡಿಯೋ ಸಿಗುತ್ತವೆ. ಸಣ್ಣ ಕುರಿಗಾರ ಒಬ್ಬನೇ ದೊಡ್ಡವನಾಗಲು ಹೊರಟರೆ ಸಾಲದಲ್ಲಿ ಮುಳುಗುತ್ತಾನೆ. 15 ಮನೆಯವರು ತಮ್ಮ ತಮ್ಮ ಕುರಿ ತಾವೇ ಇಟ್ಟುಕೊಂಡು, ಟಗರು, ಔಷಧಿ, ಹೊಟ್ಟು, ಮಾರಾಟ ಇಷ್ಟನ್ನು ಮಾತ್ರ ಒಟ್ಟಿಗೆ ಮಾಡಿದರೆ ಸಾಕು. ನಮ್ಮೂರಲ್ಲಿ ಹಾಗೇ ಮಾಡಿದ್ದೇವೆ. ತಪ್ಪುಗಳೂ ಆಗಿವೆ, ಅವನ್ನೂ ಹೇಳುತ್ತೇನೆ.

ಮೊದಲ ಹೆಜ್ಜೆ: ಒಂದು ನೋಟ್‌ಬುಕ್, ಒಂದು ಕಾಟಾ

ಕುರಿ ಅಂದ ಕೂಡಲೇ ಎಲ್ಲರೂ ಶೆಡ್ಡಿನ ಮಾತು ತೆಗೆಯುತ್ತಾರೆ. ಶೆಡ್ಡು ಆಮೇಲೆ ನೋಡೋಣ. ಮೊದಲು ಒಂದು ನೇತಾಡುವ ಡಿಜಿಟಲ್ ಕಾಟಾ ತನ್ನಿ, 50 ಕೆಜಿ ತೂಗಿದರೆ ಸಾಕು. ಗುಂಪಿಗೆ ಒಂದೇ ಇದ್ದರೂ ನಡೆಯುತ್ತದೆ.

ನೋಟ್‌ಬುಕ್‌ನಲ್ಲಿ ಪ್ರತಿ ತಾಯಿ ಕುರಿಗೆ ಒಂದು ಪುಟ ಬಿಡಿ. ಕಿವಿಗೆ ಓಲೆ ಹಾಕಿಸಿದ್ದರೆ ಅದರ 12 ಅಂಕಿಯ ನಂಬರು, ಇಲ್ಲದಿದ್ದರೆ ನಿಮ್ಮ ಮನೆಯಲ್ಲಿ ಕರೆಯುವ ಹೆಸರು. ಯಾವಾಗ ಈಯಿತು, ಎಷ್ಟು ಮರಿ, ಗಂಡೋ ಹೆಣ್ಣೋ, ಹುಟ್ಟಿದಾಗಿನ ತೂಕ, ಮೂರು ತಿಂಗಳಿನ ತೂಕ ಬರೆಯಿರಿ. ಸತ್ತರೆ ಯಾವ ತಿಂಗಳು, ಏನಾಗಿತ್ತು ಅನ್ನುವುದನ್ನೂ ಬರೆಯಿರಿ. ಸತ್ತದ್ದನ್ನು ಬರೆಯಲು ಯಾರಿಗೂ ಮನಸ್ಸಾಗಲ್ಲ. ಆದರೆ ಇಡೀ ಪುಸ್ತಕದಲ್ಲಿ ಜಾಸ್ತಿ ಕೆಲಸಕ್ಕೆ ಬರುವುದು ಅದೇ.

ಯಾಕೆ ಅಂತ ಒಂದು ಲೆಕ್ಕ ನೋಡಿ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮವನ್ನು ಹಾಕಿಕೊಳ್ಳಿ. 20 ತಾಯಿ ಕುರಿ ಇವೆ. ವರ್ಷಕ್ಕೆ 18 ಮರಿ ಹುಟ್ಟಿದವು, 4 ಸತ್ತವು. ಉಳಿದ 14ರಲ್ಲಿ 4 ಹೆಣ್ಣು ಮರಿ ಹಿಂಡಿಗೆ ಉಳಿಸಿಕೊಂಡಿರಿ. 10 ಮಾರಿದಿರಿ. ಒಂದೊಂದು 22 ಕೆಜಿ, ಜೀವಂತ ತೂಕಕ್ಕೆ ಕೆಜಿಗೆ 330 ರೂ. ಅಂತ ಹಿಡಿದರೆ ಒಂದು ಮರಿಗೆ 7,260 ರೂ., ಒಟ್ಟು 72,600 ರೂ. ಇದೇ 10 ಮರಿಯನ್ನು ಕಣ್ಣಂದಾಜಿನಲ್ಲಿ ಮಾರಿ, ಮರಿಗೆ 2 ಕೆಜಿ ಕಳೆದುಕೊಂಡರೆ ಹೋಗುವುದು 6,600 ರೂ. ಸತ್ತ 4 ಮರಿಯಲ್ಲಿ 3 ಉಳಿದಿದ್ದರೆ ಬರುತ್ತಿದ್ದದ್ದು 21,780 ರೂ.

ಅಂದರೆ ದಲ್ಲಾಳಿಗಿಂತ ಜಾಸ್ತಿ ದುಡ್ಡು ನಮ್ಮ ಕುರಿ ಕೂಡುವ ದಡ್ಡಿಯೊಳಗೇ ಸೋರುತ್ತಿತ್ತು. ಹಾಗಾದರೆ ಕಾಟಾ ಯಾಕೆ ಮೊದಲು? ಕಡಿಮೆ ಖರ್ಚಿನಲ್ಲಿ ಆಗುವ ಕೆಲಸ ಅದು. ಇನ್ನೊಂದು, ತೂಗಲು ಶುರು ಮಾಡಿದ ಮೇಲೆಯೇ ಯಾವ ಮರಿ ಬೆಳೆಯುತ್ತಿಲ್ಲ ಅನ್ನುವುದು ಕಣ್ಣಿಗೆ ಬೀಳುತ್ತದೆ. ತಿಂಗಳಿಗೆ ಎರಡು ಕೆಜಿಯೂ ಏರದ ಮರಿಗೆ ಜಂತು ಆಗಿರಬಹುದು, ಇಲ್ಲವೇ ತಾಯಿಗೆ ಹಾಲಿಲ್ಲ.

ಎರಡನೇ ಹೆಜ್ಜೆ: ಗುಂಪಿನಲ್ಲಿ ಯಾರಿರಬೇಕು

ನಡೆದು ಹೋಗುವಷ್ಟು ದೂರದಲ್ಲಿರುವ 12ರಿಂದ 20 ಮನೆ ಸಾಕು. ಶುರುವಿಗೇ 100 ಮಂದಿ ಸೇರಿಸಬೇಡಿ, ಒಬ್ಬರ ಮುಖ ಒಬ್ಬರಿಗೆ ಗೊತ್ತಿರಲ್ಲ.

ಯಾರನ್ನು ಸೇರಿಸಬೇಕು ಅನ್ನುವಲ್ಲೇ ಮೊದಲ ಜಗಳ. ನಮ್ಮ ಕಡೆ ಕುರಿ ಅಂದರೆ ಹಾಲುಮತದವರ ಕಸುಬು ಅಂತ ಮಾತು. ಆದರೆ ಊರಲ್ಲಿ ಕಣ್ಣು ಬಿಟ್ಟು ನೋಡಿ. ತಾಂಡಾದಲ್ಲಿ ಕುರಿ ಇವೆ. ದಲಿತ ಕೇರಿಯಲ್ಲಿ ನಾಲ್ಕು ಕುರಿ, ಎರಡು ಆಡು ಇಟ್ಟುಕೊಂಡ ಮನೆಗಳಿವೆ. ಗಂಡ ತೀರಿಕೊಂಡು ಆರು ಕುರಿಯ ಮೇಲೆ ಸಂಸಾರ ನಡೆಸುವ ಹೆಂಗಸರಿದ್ದಾರೆ. ಇವರಿಗೆ ಹೊಲ ಇಲ್ಲ. ಸಂತೆಯಲ್ಲಿ ಎಲ್ಲರಿಗಿಂತ ಕಡಿಮೆ ರೇಟು ಸಿಗುವುದೂ ಇವರಿಗೇ. ಎರಡೇ ಮರಿ ತಂದವರನ್ನು ವ್ಯಾಪಾರಿ ಯಾಕೆ ಮಾತಾಡಿಸುತ್ತಾನೆ? ದಯೆ ತೋರಿಸಿ ಇವರನ್ನು ಸೇರಿಸಿಕೊಳ್ಳಿ ಅನ್ನುತ್ತಿಲ್ಲ. ಲಾರಿ ತುಂಬಲು ಮರಿ ಬೇಕಲ್ಲ! ಇಂಥ ಎಂಟು ಮನೆ ಸೇರಿದರೆ ಲೋಡಿಗೆ 16 ಮರಿ ಜಾಸ್ತಿ.

ಮತ ಒಬ್ಬರಿಗೆ ಒಂದು. ಕುರಿಗೆ ಒಂದಲ್ಲ. 40 ಕುರಿಯವನು ಬಂದು, "ನನ್ನ ಮಾತಿಗೆ ತೂಕ ಜಾಸ್ತಿ" ಅಂದರೆ ನಯವಾಗಿ ಬೇಡ ಅನ್ನಿ. ಸಹಕಾರ ಸಂಘದಲ್ಲೂ ರೈತರೇ ಸೇರಿ ಕಟ್ಟುವ ಉತ್ಪಾದಕರ ಕಂಪನಿಯಲ್ಲೂ ಕಾನೂನೇ ಹಾಗಿದೆ. ಸದಸ್ಯತ್ವ ಕುರಿ ಕಾಯುವವರ ಹೆಸರಿನಲ್ಲಿ ಇರಲಿ. ಬಹಳ ಮನೆಗಳಲ್ಲಿ ಗಂಡ ಬೆಂಗಳೂರಿಗೋ ಪುಣೆಗೋ ಗಾರೆ ಕೆಲಸಕ್ಕೆ ಹೋಗಿರುತ್ತಾನೆ, ಕುರಿ ನೋಡುವವಳು ಹೆಂಡತಿ. ದುಡ್ಡು ಅವಳ ಖಾತೆಗೆ ಬರಬೇಕು. ಸಂಜೀವಿನಿ ಸ್ವಸಹಾಯ ಸಂಘ ಇರುವ ಊರಲ್ಲಿ ಹೊಸ ಸಂಘ ಕಟ್ಟುವ ಬದಲು ಅದರೊಳಗೇ ಕುರಿ ಗುಂಪು ಮಾಡುವುದು ಸುಲಭ. ಖಾತೆ, ಪುಸ್ತಕ, ವಾರದ ಸಭೆ ಎಲ್ಲ ಮೊದಲೇ ಇರುತ್ತವೆ.

ಪಾಲಿನ ಕುರಿಯ ವಿಷಯಕ್ಕೆ ಸ್ವಲ್ಪ ನಿಲ್ಲೋಣ. ಉಳ್ಳವನು ತಾಯಿ ಕುರಿ ಕೊಡುತ್ತಾನೆ, ಇಲ್ಲದವನು ಮೇಯಿಸುತ್ತಾನೆ, ಮರಿಯಲ್ಲಿ ಅರ್ಧ ಅರ್ಧ. ಹಳೇ ಪದ್ಧತಿ, ಕೆಟ್ಟದ್ದೇನಲ್ಲ. ಜಗಳ ಬರುವುದು ಕುರಿ ಸತ್ತಾಗ. "ನೀನೇ ನೋಡಿಕೊಳ್ಳಲಿಲ್ಲ" ಅಂತ ಕೊಟ್ಟವನು. "ರೋಗ ಬಂತು, ನಾನೇನು ಮಾಡಲಿ" ಅಂತ ಮೇಯಿಸಿದವನು. ಅದಕ್ಕೇ ಒಂದು ಹಾಳೆಯಲ್ಲಿ ನಾಲ್ಕು ಮಾತು ಬರೆದು ಇಬ್ಬರೂ ಸಹಿ ಹಾಕಿ. ಲಸಿಕೆ ಹಾಕಿಸಿದ್ದೂ ರೋಗದಿಂದ ಸತ್ತರೆ ನಷ್ಟ ಕೊಟ್ಟವನದು. ಔಷಧಿ ಖರ್ಚು ಅರ್ಧ ಅರ್ಧ. ಹಿಕ್ಕೆ, ಉಣ್ಣೆ ಮೇಯಿಸಿದವನದು. ಮುದಿಯಾದ ಕುರಿ ಮಾರಿದರೆ ಬಂದ ದುಡ್ಡಿನಲ್ಲಿ ಮೇಯಿಸಿದವನಿಗೂ ಇಷ್ಟು ಅಂತ ಮೊದಲೇ ಗೊತ್ತು ಮಾಡಿ.

ಗುಂಪಿನಲ್ಲಿ ಸ್ವಲ್ಪ ದುಡ್ಡು ಕೂಡಿದ ಮೇಲೆ ಇದನ್ನೇ ಇನ್ನೂ ಚೆನ್ನಾಗಿ ಮಾಡಬಹುದು. ಐದು ಹೆಣ್ಣು ಕುರಿ ಕೊಂಡು ಹೊಲ ಇಲ್ಲದ ಒಂದು ಮನೆಗೆ ಕೊಡಿ. ಆ ಮನೆಯವರು ಮೂರು ವರ್ಷದೊಳಗೆ ಐದು ಹೆಣ್ಣು ಮರಿ ವಾಪಸ್ ಕೊಡಬೇಕು. ಆ ಐದು ಇನ್ನೊಂದು ಮನೆಗೆ. ಮೊದಲ ಐದು ಕುರಿ ಆ ಮನೆಯವರದ್ದೇ ಆಗುತ್ತವೆ. ಬಡ್ಡಿ ಇಲ್ಲ, ಬ್ಯಾಂಕಿನ ಓಡಾಟವೂ ಇಲ್ಲ.

ಮೇಯಿಸುವ ಆಳಿನ ಲೆಕ್ಕವನ್ನೂ ಈಗಲೇ ಮಾಡಿಕೊಳ್ಳಿ. 15 ಮನೆಯ 200 ಕುರಿ ಒಟ್ಟಿಗೆ ಬಿಟ್ಟರೆ ದಿನಕ್ಕೆ ಇಬ್ಬರು ಸಾಕು. ತಿಂಗಳಿಗೆ 60 ಆಳು. ಅಂದರೆ 10 ಕುರಿ ಇದ್ದವರ ಪಾಲಿಗೆ ತಿಂಗಳಿಗೆ ಮೂರು ದಿನದ ಸರದಿ. ಉಳಿದ 27 ದಿನ ಅವರು ಕೂಲಿಗೆ ಹೋಗಬಹುದು. ಕೈಲಾಗದ ಮುದುಕರು ಆ ದಿನದ ಕೂಲಿ ಕೊಟ್ಟರೆ ಆಯಿತು. ಇದರಿಂದ ನಮಗೆ ಆದ ದೊಡ್ಡ ಲಾಭ ದುಡ್ಡಿನದಲ್ಲ. ಕುರಿ ಹಿಂದೆ ಹೋಗುತ್ತಿದ್ದ ಮೂರು ಹುಡುಗರು ಶಾಲೆಗೆ ಹೋಗತೊಡಗಿದರು. ಒಂದು ಎಚ್ಚರ: ಲಸಿಕೆ ಹಾಕಿಸದ ಕುರಿಯನ್ನು ಒಟ್ಟು ಹಿಂಡಿಗೆ ಬಿಡಬೇಡಿ. ಹೊಸದಾಗಿ ಕೊಂಡು ತಂದದ್ದನ್ನು ಮೂರು ವಾರ ಬೇರೆ ಕಟ್ಟಿ.

ಮೂರನೇ ಹೆಜ್ಜೆ: ಬೀಜದ ಟಗರು

ಹತ್ತು ಕುರಿ ಇದ್ದವನಿಗೆ ಸ್ವಂತ ಟಗರು ಇಡುವುದು ದಂಡ. ಹಾಗಂತ ತನ್ನ ಹಿಂಡಿನಲ್ಲೇ ಹುಟ್ಟಿದ ಮರಿಯನ್ನೇ ಬೀಜಕ್ಕೆ ಬಿಟ್ಟರೆ, ಅದು ತಾಯಿ, ಅಕ್ಕ, ತಂಗಿಯ ಮೇಲೇ ಹಾರುತ್ತದೆ. ಎರಡು ಮೂರು ತಲೆಮಾರಿನಲ್ಲಿ ಮರಿ ಸಣ್ಣದಾಗುತ್ತವೆ, ಸಾವೂ ಜಾಸ್ತಿ. 25 ಹೆಣ್ಣು ಕುರಿಗೆ ಒಂದು ಟಗರು ಸಾಕು. 200ರ ಹಿಂಡಿಗೆ ಎಂಟು. ಗುಂಪಿನ ದುಡ್ಡಿನಲ್ಲಿ ಒಳ್ಳೆಯ ಟಗರು ಕೊಂಡು, ಎರಡು ವರ್ಷಕ್ಕೊಮ್ಮೆ ಪಕ್ಕದೂರಿನ ಗುಂಪಿನ ಜೊತೆ ಅದಲುಬದಲು ಮಾಡಿಕೊಳ್ಳಿ.

ಯಾವ ತಳಿ? ಬೀದರ್, ಕಲಬುರಗಿ ಕಡೆ ಕಪ್ಪು ಉಣ್ಣೆಯ ದಖ್ಖನಿ ಹಳೆಯ ತಳಿ. ಯಾದಗಿರಿಯ ಕೃಷ್ಣೆಯ ಕಡೆ, ರಾಯಚೂರಿನಿಂದ ಬಂದ ಕೆಂಪು ಬಣ್ಣದ ಕೆಂಗುರಿ ಜಾಸ್ತಿ ಕಾಣುತ್ತದೆ. ಕೆಂಗುರಿ ಮಾಂಸಕ್ಕೆ ಒಳ್ಳೆಯದು, ವ್ಯಾಪಾರಿಗೂ ಇಷ್ಟ. ದಖ್ಖನಿ ಬರ ತಡೆಯುತ್ತದೆ, ದಿನಕ್ಕೆ ಎಷ್ಟು ದೂರ ಬೇಕಾದರೂ ನಡೆಯುತ್ತದೆ. ಉಣ್ಣೆಗೆ ಬೆಲೆ ಬಿದ್ದ ಮೇಲೆ ಜನ ದಖ್ಖನಿ ಬಿಟ್ಟು ಉಣ್ಣೆ ಇಲ್ಲದ ದೊಡ್ಡ ತಳಿಗಳಿಗೆ ಓಡಿದರು. ನನ್ನ ಮಾತು ಕೇಳುವುದಾದರೆ ಒಮ್ಮೆಲೇ ಹಿಂಡು ಬದಲಿಸಬೇಡಿ. ವಲಸೆ ಹೋಗುವ ಹಿಂಡಿಗೆ ನಡೆಯುವ ಕುರಿ ಬೇಕು, ಹಿತ್ತಲಲ್ಲಿ ಕಟ್ಟುವವರಿಗೆ ಬೆಳೆಯುವ ಕುರಿ ಬೇಕು.

ಅವಳಿ ಮರಿ ಹಾಕುವ ನಾರಿ ಸುವರ್ಣದ ಬಗ್ಗೆ ಬಹಳ ಜನ ಕೇಳುತ್ತಾರೆ. ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಸಂಸ್ಥೆ ಬಂಗಾಳದ ಗರೋಲ್ ಕುರಿಯ ಅವಳಿ ಗುಣವನ್ನು ದಖ್ಖನಿಗೆ ತಂದು ಮಾಡಿದ್ದು ಅದು. ಗುಣ ನಿಜ. ಆದರೆ ಎರಡು ಮರಿಗೆ ಹಾಲು ಎಲ್ಲಿಂದ ಬರಬೇಕು? ಬೇಸಿಗೆಯಲ್ಲಿ ತಾಯಿಗೆ ಕೈಮೇವು, ಅಂದರೆ ಮೇಯುವುದರ ಜೊತೆ ಕೈಯಾರೆ ಹಾಕುವ ತಿನಿಸು, ಕೊಡುವ ಶಕ್ತಿ ಇದ್ದರೆ ಮಾತ್ರ ಆ ದಾರಿ.

ಟಗರು ಬಿಡುವ ಕಾಲ ನಿಮ್ಮ ಕೈಯಲ್ಲಿರಲಿ. ಕುರಿಯ ಗಬ್ಬ ಸುಮಾರು 150 ದಿನ. ಮುಂಗಾರಿನ ಹಸಿರು ಬಂದ ಮೇಲೆ, ಜೂನ್ ಕೊನೆ, ಜುಲೈನಲ್ಲಿ ಬಿಟ್ಟರೆ ನವೆಂಬರ್, ಡಿಸೆಂಬರ್‌ನಲ್ಲಿ ಈಯುತ್ತವೆ. ಆಗ ತೊಗರಿ ಎಲೆ ಉದುರುತ್ತದೆ, ಆಮೇಲೆ ಜೋಳ, ಕಡಲೆಯ ಹೊಲ ಒಂದೊಂದೇ ಖಾಲಿಯಾಗುತ್ತವೆ, ಹಾಲೂಡುವ ಕುರಿಗೆ ಮೇವಿನ ಕಾಲ. ಟಗರು ವರ್ಷವಿಡೀ ಹಿಂಡಿನಲ್ಲೇ ಇದ್ದರೆ ಏಪ್ರಿಲ್ ಬಿಸಿಲಲ್ಲೂ ಮರಿ ಹುಟ್ಟುತ್ತವೆ. ನೀರಿಲ್ಲ, ಹಾಲಿಲ್ಲ. ಬೇಡದ ಕಾಲದಲ್ಲಿ ಹಾರದಂತೆ ಟಗರಿನ ಹೊಟ್ಟೆಗೆ ಅಡ್ಡ ಒಂದು ಗೋಣಿತಟ್ಟು ಕಟ್ಟುವುದು ನಮ್ಮ ಹಿರಿಯರ ಉಪಾಯ. ಈಗಲೂ ಅದೇ ನಡೆಯುತ್ತದೆ.

ಉಣ್ಣೆಯ ಬಗ್ಗೆ ಒಂದೇ ಮಾತು. ಕತ್ತರಿಸುವ ಕೂಲಿಯೂ ಹುಟ್ಟದ ಕಡೆ ಅದರ ಮೇಲೆ ವ್ಯಾಪಾರ ಕಟ್ಟಬೇಡಿ. ಕಂಬಳಿ ನೇಯುವವರು ಹತ್ತಿರದಲ್ಲಿ ಇದ್ದರೆ ಎಲ್ಲರ ಕಪ್ಪು ಉಣ್ಣೆ ಒಟ್ಟುಗೂಡಿಸಿ ನೇರವಾಗಿ ಅವರಿಗೇ ಕೊಡಿ.

ನಾಲ್ಕನೇ ಹೆಜ್ಜೆ: ಮರಿ ಉಳಿಸುವುದು

ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣದ ಹಾಲು ಕುಡಿಸಿ, ಹೊಕ್ಕುಳಿಗೆ ಅಯೋಡಿನ್ ಹಚ್ಚಿ. ಎಲ್ಲರಿಗೂ ಗೊತ್ತಿದೆ, ಮಾಡುವವರು ಕಡಿಮೆ. ಹಿಂಡು ಅಡವಿಯಲ್ಲಿದ್ದರೆ ಅಯೋಡಿನ್ ಬಾಟಲಿ ಕಂಬಳಿ ಗಂಟಿನಲ್ಲೇ ಇರಲಿ.

ನನ್ನ ಕೈಯಾರೆ ಆದ ನಷ್ಟ ಒಂದಿದೆ. ಜೋಳದ ರಾಶಿ ಮುಗಿದ ಕಣದ ಪಕ್ಕ ಮರಿಗಳನ್ನು ಬಿಟ್ಟಿದ್ದೆ. ಉದುರಿದ ಕಾಳು ಮೇಯಲಿ, ದಪ್ಪಗಾಗಲಿ ಅನ್ನುವ ಆಸೆ. ಬೆಳಿಗ್ಗೆ ಎದ್ದು ನೋಡಿದರೆ ಎಲ್ಲಕ್ಕಿಂತ ದಪ್ಪ ಮರಿ ಕತ್ತು ಹಿಂದಕ್ಕೆ ಸೆಟೆದು ಬಿದ್ದಿತ್ತು. ಸಂಜೆಯೊಳಗೆ ಇನ್ನೆರಡು. ಮೂರೂ ಹಿಂಡಿನ ಚೆಂದದ ಮರಿಗಳೇ. ದೃಷ್ಟಿ ತಾಗಿತು ಅಂದರು. ಪಶುವೈದ್ಯರು ಹೊಟ್ಟೆ ಕೊಯ್ದು ನೋಡಿ ಕರುಳು ಬೇನೆ ಅಂದರು. ಕರುಳಿನಲ್ಲಿ ಸುಮ್ನೆ ಇರುವ ಒಂದು ರೋಗಾಣು ಇದೆ. ಒಮ್ಮೆಲೇ ಕಾಳಿನ ಪಿಷ್ಟ ಸಿಕ್ಕರೆ ಅದು ಬೇಗ ಬೇಗ ಬೆಳೆದು ವಿಷ ಬಿಡುತ್ತದೆ. ಜಾಸ್ತಿ ತಿಂದ ಮರಿಯೇ ಮೊದಲು ಸಾಯುತ್ತದೆ. ಅದಕ್ಕೇ ಚೆಂದದ್ದಕ್ಕೇ ದೃಷ್ಟಿ ತಾಗುವುದು! ಇದಕ್ಕೆ ಲಸಿಕೆ ಇದೆ. ಮಳೆಗಾಲಕ್ಕೆ ಮೊದಲು, ಮೇ ತಿಂಗಳಲ್ಲಿ ಹಾಕಿಸಬೇಕು. ಮೊದಲ ಸಲ ಹಾಕಿಸುವ ಮರಿಗೆ ಎರಡು ಮೂರು ವಾರದ ಮೇಲೆ ಇನ್ನೊಮ್ಮೆ. ಆಮೇಲೆ ವರ್ಷಕ್ಕೊಮ್ಮೆ.

ಹಿರೇಬೇನೆ, ಅಂದರೆ ಪಿಪಿಆರ್ ಲಸಿಕೆ ಮೂರರಿಂದ ನಾಲ್ಕು ತಿಂಗಳು ತುಂಬಿದ ಮರಿಗೆ ಹಾಕಿಸಿದರೆ ಮೂರು ವರ್ಷ ಕಾಯುತ್ತದೆ. ಮಳೆ ಜೋರಾದ ವರ್ಷ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನೀಲಿ ನಾಲಿಗೆ ಬರುತ್ತದೆ. ಅದನ್ನು ಹರಡುವುದು ಸಣ್ಣ ನೊರಜು. ಸಂಜೆ ದಡ್ಡಿಯಲ್ಲಿ ಬೇವಿನ ಹೊಗೆ ಹಾಕುವುದು ಒಳ್ಳೆಯದು, ಅದರ ಜೊತೆ ಲಸಿಕೆಯೂ ಬೇಕು. ಕುರಿ ಸಿಡುಬಿಗೂ ಲಸಿಕೆ ಇದೆ. ಯಾವುದನ್ನು ಯಾವ ತಿಂಗಳು ಅಂತ ನಿಮ್ಮ ಊರಿನ ಪಶು ಆಸ್ಪತ್ರೆಯಲ್ಲಿ ಬರೆಸಿಕೊಂಡು ದೇವರ ಮನೆಯ ಕ್ಯಾಲೆಂಡರ್ ಮೇಲೆ ಗುರುತು ಮಾಡಿ. ಒಬ್ಬನೇ ಹೋಗಿ 10 ಕುರಿಗೆ ಲಸಿಕೆ ಕೇಳಿದರೆ ನಾಳೆ ಬಾ ಅನ್ನಬಹುದು. ಗುಂಪಾಗಿ ಹೋಗಿ, "200 ಕುರಿ ಗುರುವಾರ ಬೆಳಿಗ್ಗೆ ಗುಡಿ ಹತ್ತಿರ ನಿಲ್ಲಿಸುತ್ತೇವೆ" ಅಂದರೆ ಅವರಿಗೂ ಅನುಕೂಲ.

ಕಾಲುವೆ ಕೆಳಗಿನವರಿಗೆ ಒಂದು ಮಾತು. ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ಹುಣಸಗಿ, ಸುರಪುರ, ಶಹಾಪುರದ ಕಡೆ ಭತ್ತದ ಗದ್ದೆ ಬಂದವು. ಹಸಿರು ಬದು ನೋಡಿ ಕುರಿ ಬಿಡುತ್ತೇವೆ. ಆ ಜೌಗಿನಲ್ಲಿ ಬಸವನಹುಳು ಇರುತ್ತದೆ, ಅದರಿಂದ ಲಿವರಿನ ಚಪ್ಪಟೆ ಹುಳು ಕುರಿಯ ಹೊಟ್ಟೆ ಸೇರುತ್ತದೆ. ದವಡೆ ಕೆಳಗೆ ನೀರು ತುಂಬಿದ ಚೀಲದಂತೆ ಬಾವು ಕಂಡರೆ ಅದೇ ಇರಬಹುದು. ಮಾಮೂಲಿ ಜಂತಿನ ಔಷಧಿಗೆ ಅದು ಜಗ್ಗಲ್ಲ. ಹಿಕ್ಕೆ ಪರೀಕ್ಷೆ ಮಾಡಿಸಿ, ಸರಿಯಾದ ಔಷಧಿ ತನ್ನಿ. ಗಿರಾಕಿ ಕೇಳಿದ ಅಂತ ಅಂಗಡಿಯವರು ಕೊಡುವ ಒಂದೇ ಔಷಧಿಯನ್ನು ವರ್ಷ ವರ್ಷ ಕುಡಿಸಿದರೆ ಹುಳುವಿಗೂ ಅಭ್ಯಾಸ ಆಗಿಬಿಡುತ್ತದೆ.

ಇನ್ನೊಂದು, ದನಕ್ಕೆ ಅಂತ ತಂದ ಖನಿಜ ಪುಡಿಯನ್ನು ಕುರಿಗೆ ಹಾಕಬೇಡಿ. ಅದರಲ್ಲಿ ತಾಮ್ರ ಜಾಸ್ತಿ ಇರುತ್ತದೆ, ಕುರಿಗೆ ಅಷ್ಟು ತಾಮ್ರ ವಿಷ.

ಗುಂಪಿನಿಂದ ಒಬ್ಬ ಹೆಣ್ಣುಮಗಳನ್ನು ಪಶು ಸಖಿ, ಅಂದರೆ ಊರಲ್ಲೇ ಜಾನುವಾರು ಆರೈಕೆಗೆ ನೆರವಾಗುವವಳ, ತರಬೇತಿಗೆ ಕಳಿಸಿ. ಸುರಪುರ ತಾಲ್ಲೂಕಿನ ಕವಡಿಮಟ್ಟಿಯಲ್ಲಿ, ಕಲಬುರಗಿಯಲ್ಲಿ, ಬೀದರಿನಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಬೀದರಿನಲ್ಲಿ ಪಶುವೈದ್ಯ ವಿಶ್ವವಿದ್ಯಾಲಯವೇ ಇದೆ. ಇಷ್ಟು ಹತ್ತಿರ ಇದ್ದೂ ಹೋಗದವರೇ ಜಾಸ್ತಿ.

ಕುರಿ ಸತ್ತಾಗ ಹೂಳುವ ಅವಸರ ಬೇಡ. ರಾಜ್ಯ ಸರ್ಕಾರದ ಅನುಗ್ರಹ ಯೋಜನೆಯಲ್ಲಿ ಪರಿಹಾರ ಸಿಗುತ್ತದೆ. 2025-26ರ ಬಜೆಟ್‌ನಲ್ಲಿ ಅದನ್ನು ಆರು ತಿಂಗಳು ದಾಟಿದ ಕುರಿಗೆ 5,000ದಿಂದ 7,500 ರೂ.ಗೆ, ಮೂರರಿಂದ ಆರು ತಿಂಗಳ ಮರಿಗೆ 2,500ರಿಂದ 3,500 ರೂ.ಗೆ ಏರಿಸಿದರು. ಪಶುವೈದ್ಯರು ನೋಡಿ ಬರೆದುಕೊಡಬೇಕು. ಫೋಟೋ ತೆಗೆದಿಡಿ. ಸಿಡಿಲಿಗೆ ಸತ್ತ ಎರಡು ಕುರಿಯನ್ನು ನಾವು ವಾಸನೆ ಬರುತ್ತದೆ ಅಂತ ಹೂತುಬಿಟ್ಟೆವು. ಆಮೇಲೆ ಎಷ್ಟು ಅಲೆದರೂ ಆಗಲಿಲ್ಲ.

ಐದನೇ ಹೆಜ್ಜೆ: ಹೊಟ್ಟು ಮತ್ತು ಹಿಕ್ಕೆ

ಕಲಬುರಗಿ ತೊಗರಿಯ ನಾಡು. 2019ರಲ್ಲಿ ಇಲ್ಲಿಯ ತೊಗರಿಬೇಳೆಗೆ ಭೌಗೋಳಿಕ ಗುರುತು ಸಿಕ್ಕಿತು. ಬೇಳೆ ಜಗತ್ತು ತಿನ್ನಲಿ, ನಮಗೆ ಬೇಕಾದದ್ದು ಹೊಟ್ಟು ಮತ್ತು ಚುನ್ನಿ, ಅಂದರೆ ಬೇಳೆ ಒಡೆಯುವಾಗ ಉಳಿಯುವ ಸಿಪ್ಪೆ, ನುಚ್ಚು. ಜನವರಿ, ಫೆಬ್ರುವರಿಯಲ್ಲಿ ರಾಶಿ ಮಾಡುವಾಗ ಹೊಟ್ಟು ಹೊಲದಲ್ಲೇ ಬಿದ್ದಿರುತ್ತದೆ, ಕೆಲವರು ಸುಟ್ಟೂಬಿಡುತ್ತಾರೆ. ಅದೇ ಹೊಟ್ಟಿಗೆ ಮೇ ತಿಂಗಳಲ್ಲಿ ಬೆಲೆ ನೋಡಿ. ಗುಂಪಿನಿಂದ ಒಂದು ಟ್ರ್ಯಾಕ್ಟರ್ ಹಿಡಿದು ಆಗಲೇ ತುಂಬಿ, ಎತ್ತರದ ಜಾಗದಲ್ಲಿ ಒಟ್ಟಿ, ಮೇಲೆ ತಾಡಪಾಲು ಹಾಕಿ. ಬೇಳೆ ಮಿಲ್ಲಿನ ಚುನ್ನಿಯನ್ನು ಚೀಲದ ಲೆಕ್ಕದಲ್ಲಿ ಒಟ್ಟಿಗೆ ತಂದರೆ ರೇಟೂ ಕಡಿಮೆ. ಗಬ್ಬದ ಕೊನೆಯ ಒಂದೂವರೆ ತಿಂಗಳು ತಾಯಿಗೆ ದಿನಕ್ಕೆ 200 ಗ್ರಾಂನಷ್ಟು ಕೈಮೇವು ಹಾಕಿದರೆ ಮರಿಯ ತೂಕ, ತಾಯಿಯ ಹಾಲು ಎರಡರಲ್ಲೂ ಕಾಣುತ್ತದೆ. ಎಲ್ಲ ಕುರಿಗೂ ವರ್ಷವಿಡೀ ಹಾಕಲು ಹೋದರೆ ಲಾಭ ತಿಂದುಹೋಗುತ್ತದೆ.

ಹಿಕ್ಕೆಯನ್ನು ಸುಮ್ನೆ ಕೊಡಬೇಡಿ. ಬೆಳೆ ತೆಗೆದ ಎರೆ ಹೊಲದಲ್ಲಿ ಕುರಿ ತರುಬುವುದು ನಮ್ಮಲ್ಲಿ ಹಿಂದಿನಿಂದ ಇದೆ. ರಾತ್ರಿ ಹಿಂಡು ಮಲಗಿದರೆ ಹಿಕ್ಕೆಯ ಜೊತೆ ಗಂಜಲವೂ ಮಣ್ಣಿಗೆ ಇಳಿಯುತ್ತದೆ. ರೈತ ಕಾಳು ಕೊಡುತ್ತಾನೆ, ಇಲ್ಲವೇ ರಾತ್ರಿಗೆ ಇಷ್ಟು ಅಂತ ದುಡ್ಡು. 15 ಕುರಿಯನ್ನು ಯಾರೂ ಕರೆಯಲ್ಲ. 200ರ ಹಿಂಡು ಅಂದರೆ ರೈತನೇ ಫೋನ್ ಮಾಡುತ್ತಾನೆ. ಬಂದದ್ದನ್ನು ಆ ರಾತ್ರಿ ಇದ್ದ ಕುರಿಯ ಲೆಕ್ಕದಲ್ಲಿ ಹಂಚಿ. ಒಪ್ಪಂದ ಮಾಡುವಾಗ ಎರಡು ಪ್ರಶ್ನೆ ಮರೆಯಬೇಡಿ: ಹತ್ತಿಗೋ ತೊಗರಿಗೋ ಕೊನೆಯ ಸಲ ಔಷಧಿ ಹೊಡೆದದ್ದು ಯಾವಾಗ? ಕುಡಿಯುವ ನೀರು ಎಲ್ಲಿದೆ? ನೀರಿಲ್ಲದೆ ಬಾಡಿದ ಎಳೆ ಜೋಳದ ಹೊಲಕ್ಕಂತೂ ಕುರಿ ಬಿಡಬೇಡಿ, ಅದರಲ್ಲಿ ವಿಷ ಇರುತ್ತದೆ.

ಮಡ್ಡಿ, ಗೋಮಾಳ ಇರುವ ಊರಲ್ಲಿ ಅದನ್ನು ಮೂರು ಭಾಗ ಮಾಡಿ, ಮಳೆಗಾಲದಲ್ಲಿ ಒಂದು ಭಾಗಕ್ಕೆ ಯಾರೂ ಕಾಲಿಡದಂತೆ ಬಿಡಿ. ಬೀಜ ಉದುರಿದ ಮೇಲೆ ಮೇಯಿಸಿ. ಮಾತಾಡುವಾಗ ಎಲ್ಲರೂ ಹೌದು ಅನ್ನುತ್ತಾರೆ, ಮೊದಲ ವರ್ಷ ಯಾರೂ ಪಾಲಿಸಲ್ಲ. ನಮ್ಮಲ್ಲೂ ಹಾಗೇ ಆಯಿತು. ಎರಡನೇ ವರ್ಷ ದಂಡ ಇಟ್ಟೆವು.

ಆರನೇ ಹೆಜ್ಜೆ: ಮಾರುವುದು

ಮೊದಲು ಅಂಗಡಿಯಿಂದ ಹಿಂದಕ್ಕೆ ಲೆಕ್ಕ ಹಾಕಲು ಕಲಿಯಿರಿ. 22 ಕೆಜಿ ಮರಿ ಕೊಯ್ದರೆ ಸುಮಾರು 10 ಕೆಜಿ ಮಾಂಸ. ನಿಮ್ಮ ಪಟ್ಟಣದಲ್ಲಿ ಮಟನ್ 750 ರೂ. ಇದೆ ಅಂದುಕೊಳ್ಳಿ, 7,500 ಆಯಿತು. ತಲೆ, ಕಾಲು, ಬೋಟಿಗೆ ಒಂದು ಸಾವಿರ ಸೇರಿಸಿ, 8,500. ಅಂಗಡಿಯವನ ದುಡಿಮೆಗೆ ಒಂದು ಸಾವಿರ, ಸಾಗಾಟಕ್ಕೆ 200 ಬಿಡಿ. ಉಳಿದದ್ದು 7,300. ಅದನ್ನು 22ರಿಂದ ಭಾಗಿಸಿದರೆ ಕೆಜಿಗೆ 330ರ ಹತ್ತಿರ ಬರುತ್ತದೆ. ಈ ಅಂಕಿ ತಲೆಯಲ್ಲಿ ಇಟ್ಟುಕೊಂಡು ಮಾತಿಗೆ ಕೂಡಿ. 280 ಕೇಳಿದವನಿಗೆ ಯಾಕೆ ಕೊಡಬಾರದು ಅಂತ ನಿಮಗೂ ಗೊತ್ತು, ಅವನಿಗೂ ಗೊತ್ತು.

ಲೋಡು ಮಾಡುವ ಹಿಂದಿನ ದಿನ ಎಲ್ಲ ಮರಿ ತೂಗಿ ಮೂರು ಗುಂಪು ಮಾಡಿ: 20 ಕೆಜಿಗಿಂತ ಕಡಿಮೆ, 20ರಿಂದ 25, 25ಕ್ಕಿಂತ ಜಾಸ್ತಿ. ಕಡಿಮೆ ಇದ್ದದ್ದನ್ನು ಮನೆಗೆ ವಾಪಸ್ ಕಳಿಸಿ, ಇನ್ನೊಂದು ತಿಂಗಳು ಬೆಳೆಯಲಿ. ಮೂವರು ವ್ಯಾಪಾರಿಗಳಿಗೆ ಫೋನ್ ಮಾಡಿ, "ಇಷ್ಟು ಮರಿ, ಒಟ್ಟು ಇಷ್ಟು ಕೆಜಿ, ನಮ್ಮೂರಲ್ಲೇ ತೂಗಿ ಕೊಡುತ್ತೇವೆ" ಅನ್ನಿ. ಹೈದರಾಬಾದ್ ನಮಗೆ ಬೆಂಗಳೂರಿಗಿಂತ ಹತ್ತಿರ, ಗುರುಮಠಕಲ್ ದಾಟಿದರೆ ತೆಲಂಗಾಣವೇ. ಆದರೆ ನೀವೇ ಲಾರಿ ತುಂಬಿಕೊಂಡು ಹೋಗುವ ಸಾಹಸ ಮೊದಲ ವರ್ಷ ಬೇಡ. ದಾರಿಯಲ್ಲಿ ಮರಿ ತೂಕ ಇಳಿಯುತ್ತದೆ. ಅಲ್ಲಿಗೆ ಹೋದ ಮೇಲೆ ವಾಪಸ್ ತರಲು ಆಗಲ್ಲ, ಅದು ಅವರಿಗೂ ಗೊತ್ತಿರುತ್ತದೆ. ನಾವು ಒಮ್ಮೆ ಹೋಗಿ, ಊರಲ್ಲಿ ಕೇಳಿದ್ದಕ್ಕಿಂತ ಕಡಿಮೆಗೆ ಕೊಟ್ಟು, ಊಟದ ಖರ್ಚು ಕೈಯಿಂದ ಹಾಕಿ ಬಂದೆವು.

ದಲ್ಲಾಳಿಯನ್ನು ಶತ್ರು ಅಂದುಕೊಳ್ಳಬೇಡಿ. ಯಾವ ಊರಲ್ಲಿ ಯಾರಿಗೆ ಎಷ್ಟು ಮರಿ ಬೇಕು ಅನ್ನುವುದು ಅವನಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ. ಮರಿಗೆ ಇಷ್ಟು ಅಂತ ಬಹಿರಂಗವಾಗಿ ಕಮಿಷನ್ ಕೊಡಿ, ಟವೆಲ್ ಮಾತ್ರ ತೆಗೆಸಿ. ದುಡ್ಡು ಮರಿ ಲಾರಿ ಹತ್ತುವ ಮೊದಲು ಖಾತೆಗೆ ಬೀಳಬೇಕು. ಉದ್ರಿ ಇಲ್ಲ.

ಬಕ್ರೀದ್ ಕಾಲಕ್ಕೆ ಒಳ್ಳೆಯ ಟಗರಿಗೆ ಬೆಲೆಯೇ ಬೇರೆ. ಹಬ್ಬ ಪ್ರತಿ ವರ್ಷ 10, 11 ದಿನ ಹಿಂದಕ್ಕೆ ಸರಿಯುತ್ತದೆ. 2025ರಲ್ಲಿ ಜೂನ್ 7 ಇತ್ತು, 2027ಕ್ಕೆ ಮೇ ಮಧ್ಯಕ್ಕೆ ಬರುತ್ತದೆ. ವರ್ಷ ತುಂಬಿದ, ಕೊಂಬು ಮುರಿಯದ, ಕಿವಿ ಹರಿಯದ, ಕುಂಟದ ಗಂಡು ಬೇಕು. ಡಿಸೆಂಬರ್‌ನಲ್ಲಿ ಹುಟ್ಟಿದ ಒಳ್ಳೆಯ ಗಂಡು ಮರಿಗಳಲ್ಲಿ ಮನೆಗೆ ಎರಡನ್ನು ಮಾತ್ರ ಅವಕ್ಕೆ ವರ್ಷ ತುಂಬಿದ ಮೇಲೆ ಬರುವ ಬಕ್ರೀದಿಗೆ ಅಂತ ಉಳಿಸಿ. ಎಲ್ಲವನ್ನೂ ಉಳಿಸಿದರೆ ಮೇವು ಸಾಲಲ್ಲ, ನಡುವೆ ದುಡ್ಡಿನ ಅಡಚಣೆ ಬಂದು ಅಗ್ಗಕ್ಕೆ ಮಾರುತ್ತೀರಿ.

ಬೆಲೆ ಏರಿದಾಗ ತಾಯಿ ಕುರಿ ಮಾರುವ ಆಸೆಗೆ ಬೀಳಬೇಡಿ. 2017ರಲ್ಲಿ ತೆಲಂಗಾಣ ಸರ್ಕಾರ ಅಲ್ಲಿಯ ಕುರಿಗಾರರಿಗೆ ತಲಾ 20 ಕುರಿ, ಒಂದು ಟಗರು ಹಂಚಲು ಶುರು ಮಾಡಿ, ಪಕ್ಕದ ರಾಜ್ಯಗಳಿಂದ ಕುರಿ ಕೊಂಡಿತು. ಹೆಣ್ಣು ಕುರಿಗೆ ಒಮ್ಮೆಲೇ ಬೇಡಿಕೆ ಬಂತು. ಅಂಥ ಹೊತ್ತಲ್ಲಿ ಮಾರಿದವರು ಮರುವರ್ಷ ಅದೇ ಏರಿದ ಬೆಲೆಗೆ ಕೊಳ್ಳಬೇಕಾಗುತ್ತದೆ.

ಸಂಕ್ರಾಂತಿಗೆ ಯಾದಗಿರಿ ಹತ್ತಿರದ ಮೈಲಾಪುರದ ಮೈಲಾರಲಿಂಗನ ಜಾತ್ರೆಗೆ ಹೋಗುವವರಲ್ಲಿ ನಾವೂ ಇದ್ದೇವೆ. ಪಲ್ಲಕ್ಕಿ ಮೇಲೆ ಕುರಿಮರಿ ಎಸೆಯುವುದನ್ನು ಜಿಲ್ಲಾಡಳಿತ ನಿಷೇಧಿಸಿದೆ, ದಾರಿಯಲ್ಲೇ ಮರಿ ಹಿಡಿಯುತ್ತಾರೆ. ನಮ್ಮ ಗುಂಪಿನವರು ಈಗ ಬಂಡಾರ ಮಾತ್ರ ಒಯ್ಯುತ್ತಾರೆ.

ಏಳನೇ ಹೆಜ್ಜೆ: ಸಾಲ, ಸಬ್ಸಿಡಿ, ನೋಂದಣಿ

ಇದನ್ನು ಏಳನೆಯದಾಗಿ ಬರೆದದ್ದು ಬೇಕಂತಲೇ. ಒಂದು ವರ್ಷ ಒಟ್ಟಿಗೆ ಮಾರಿ ನೋಡದ ಗುಂಪು ಸಬ್ಸಿಡಿಗೆ ಅರ್ಜಿ ಹಾಕಿದರೆ, ಅರ್ಜಿಯ ಜೊತೆಗೇ ಗುಂಪೂ ಒಡೆಯುತ್ತದೆ.

ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಶೇಕಡಾ 50ರಷ್ಟು ಸಬ್ಸಿಡಿ ಇದೆ ನಿಜ. ಆದರೆ ಅಲ್ಲಿ ಸಣ್ಣ ಘಟಕವೇ 100 ಕುರಿ, 5 ಟಗರಿನದು, ಅದಕ್ಕೆ ಸಬ್ಸಿಡಿ ಮಿತಿ 10 ಲಕ್ಷ ರೂ. ಉಳಿದ ಅರ್ಧ ನೀವು ಹಾಕಬೇಕು, ಇಲ್ಲವೇ ಬ್ಯಾಂಕಿನಿಂದ ತರಬೇಕು. ಒಬ್ಬ ಸಣ್ಣ ಕುರಿಗಾರನಿಗೆ ಇದು ಹೊರಲಾರದ ಹೊರೆ. ಸ್ವಸಹಾಯ ಗುಂಪು, ಉತ್ಪಾದಕರ ಸಂಸ್ಥೆಗಳೂ ಅರ್ಜಿ ಹಾಕಬಹುದು ಅನ್ನುವುದು ನೆನಪಿರಲಿ. ಪಶುಪಾಲನೆಗೂ ಕಿಸಾನ್ ಕ್ರೆಡಿಟ್ ಕಾರ್ಡ್ ಕೊಡುತ್ತಾರೆ. 2 ಲಕ್ಷದವರೆಗೆ ಬಡ್ಡಿ ಶೇಕಡಾ 7, ಹೇಳಿದ ದಿನಕ್ಕೆ ಕಟ್ಟಿದರೆ ಶೇಕಡಾ 4ಕ್ಕೆ ಇಳಿಯುತ್ತದೆ. ಮೇವು, ಔಷಧಿಗೆ ಇದೇ ಸಾಕು. ಜಾನುವಾರು ವಿಮೆಯಲ್ಲಿ 2024ರಿಂದ ನಾವು ಕಟ್ಟಬೇಕಾದದ್ದು ಪ್ರೀಮಿಯಮ್ಮಿನ ಶೇಕಡಾ 15ರಷ್ಟು ಮಾತ್ರ, ಉಳಿದದ್ದು ಸರ್ಕಾರದ್ದು. ಬೀಜದ ಟಗರಿಗಾದರೂ ಮಾಡಿಸಿ.

ಹೆಸರು ನೋಂದಾಯಿಸುವಾಗ ಅವಸರ ಬೇಡ. ಸಣ್ಣ ಗುಂಪಿಗೆ ಸ್ವಸಹಾಯ ಸಂಘದ ಖಾತೆ ಸಾಕು. ನಾಲ್ಕೈದು ಊರು ಸೇರಿದರೆ ಕುರಿ ಮತ್ತು ಉಣ್ಣೆ ಉತ್ಪಾದಕರ ಸಹಕಾರ ಸಂಘ ಮಾಡಬಹುದು. ಕರ್ನಾಟಕ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮದ ಯೋಜನೆಗಳು ಬಂದಾಗ ಸಂಘದ ಸದಸ್ಯರಿಗೆ ಅನುಕೂಲ. ಉತ್ಪಾದಕರ ಕಂಪನಿಗೆ 10 ಜನ ಸಾಕು ಅನ್ನುತ್ತದೆ ಕಾನೂನು. ಆದರೆ ಲೆಕ್ಕಪರಿಶೋಧನೆ, ವರ್ಷದ ಕಾಗದಪತ್ರದ ಖರ್ಚು ಹೊರಲು ದೊಡ್ಡ ವ್ಯಾಪಾರ ಬೇಕು. ಹತ್ತಿರದಲ್ಲಿ ಕಂಪನಿ ಇದ್ದರೆ ಅದರ ಸದಸ್ಯರಾಗುವುದೇ ಮೇಲು.

ಜಗಳ ಬಂದಾಗ

ಬಂದೇ ಬರುತ್ತದೆ. ನಮ್ಮಲ್ಲಿ ಎರಡನೇ ವರ್ಷ ಒಬ್ಬರು ಗುಂಪಿನ ಲೋಡಿಗೆ ಕೊಡುತ್ತೇನೆ ಅಂದ ಆರು ಮರಿಯನ್ನು ಹಿಂದಿನ ರಾತ್ರಿ ಹೊರಗೆ ಮಾರಿಬಿಟ್ಟರು. ಲಾರಿ ಬಂದು ನಿಂತಿದೆ, ಮರಿ ಕಡಿಮೆ. ಕೂಗಾಡಿದೆವು. ಆಮೇಲೆ ಕೂತು ಕೇಳಿದರೆ ಮನೆಯಲ್ಲಿ ಆಸ್ಪತ್ರೆ ಖರ್ಚು ಬಂದಿತ್ತು, ಲೋಡಿನ ದಿನದವರೆಗೆ ಕಾಯುವ ಹಾಗಿರಲಿಲ್ಲ. ಅಂದಿನಿಂದ ಮಾರಿದ ಪ್ರತಿ ಮರಿಯಿಂದ 100 ರೂ. ಗುಂಪಿನ ಡಬ್ಬಿಗೆ ಹಾಕುತ್ತೇವೆ. ತುರ್ತು ಇದ್ದವರಿಗೆ ಅದರಿಂದ ಮುಂಗಡ ಕೊಟ್ಟು, ಮರಿ ಮಾರಿದಾಗ ಹಿಡಿದುಕೊಳ್ಳುತ್ತೇವೆ. ಹೊರಗೆ ಮಾರುವುದು ನಿಂತಿಲ್ಲ, ಕಡಿಮೆಯಾಗಿದೆ.

ಕಾಟಾ ಯಾರ ಮನೆಯಲ್ಲಿರಬೇಕು ಅನ್ನುವುದಕ್ಕೂ ಒಮ್ಮೆ ದೊಡ್ಡ ವಾದ ಆಯಿತು. 40 ಕುರಿಯವರು ತಮ್ಮಲ್ಲೇ ಇರಲಿ ಅಂದರು. ಕೊನೆಗೆ ಆರು ಕುರಿಯ ಒಬ್ಬ ಅಜ್ಜಿಯ ಮನೆಯಲ್ಲಿ ಇಟ್ಟೆವು, ಅವರು ಯಾವಾಗಲೂ ಮನೆಯಲ್ಲೇ ಇರುತ್ತಾರೆ. ಗುಂಪಿನ ಹೊರಗಿನವರು ತೂಗಿಸಿದರೆ ಮರಿಗೆ 5 ರೂ. ಕಾಟಾದ ಸೆಲ್ಲಿನ ಖರ್ಚು ಅದರಲ್ಲೇ ಹುಟ್ಟುತ್ತದೆ. ಹೋದ ತಿಂಗಳು ಒಬ್ಬ ದಲ್ಲಾಳಿಯೇ ಬಂದು ಮೂರು ಮರಿ ತೂಗಿಸಿಕೊಂಡು, 15 ರೂ. ಕೊಟ್ಟು ಹೋದನಂತೆ.